ಗದ್ದೆಯ ಗುಡಿಸಲಿಗೆ ನಾನೇ ಕಳಿಸಿದೆ

ಗದ್ದೆಯಿಂದ ನಮ್ಮ ಮನೆಗೆ ಇಪ್ಪತ್ತೆಂಟು ಮೆಟ್ಟಿಲು. ಗುಡ್ಡದ ಮಣ್ಣು ಕಡಿದು ನನ್ನ ಗಂಡನೇ ಮಾಡಿದ್ದು. ಹಡಗಿನ ಏಣಿ ಹತ್ತಿದವನಿಗೆ ಇದೇನು ದೊಡ್ಡದು ಅನ್ನುತ್ತಿದ್ದರು. ಹೋದ ವರ್ಷ ಭತ್ತ ಕೊಯ್ಯುವಾಗ ಹತ್ತನೇ ಮೆಟ್ಟಿಲಲ್ಲಿ ಕೂತುಬಿಟ್ಟರು. ತಲೆ ಮೇಲೆ ಹೊರೆ ಇರಲಿಲ್ಲ. ಕೈಯಲ್ಲಿ ಕುಡುಗೋಲು ಮಾತ್ರ.

“ಯಾಕೆ ಕೂತ್ರಿ?”

“ಗಾಳಿ ಸಾಲ್ತಿಲ್ಲ ಕನಮ್ಮಿ.”

ಗುಡ್ಡದ ತುಂಬ ಗಾಳಿ ಬೀಸುತ್ತಿತ್ತು. ಬೀಡಿ ಬಿಡಿ, ಎಲ್ಲ ಸರಿಹೋಗುತ್ತೆ ಅಂದೆ. ಬೀಡಿ ಬಿಟ್ಟರು. ಸರಿಹೋಗಲಿಲ್ಲ. ಒಣ ಕೆಮ್ಮು ಹಿಡಿಯಿತು. ಮೈ ಇಳಿಯಿತು.

ಇವರು ಹದಿನೈದು ವರ್ಷ ನೇವಿಯಲ್ಲಿದ್ದವರು. ಹಡಗಿನ ಹೊಟ್ಟೆಯಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಹಾಕುವ ಕೆಲಸ. ನಾನು ಗುಂಡ್ಲುಪೇಟೆ ಕಡೆಯ ಅತ್ತೆ ಮನೆಯಲ್ಲಿ ಮಗ ಮಾದೇವನನ್ನು ಇಟ್ಟುಕೊಂಡು ಕೂತಿದ್ದೆ. ರಜೆಯಲ್ಲಿ ಇವರು ಬಂದರೆ ಮಾದೇವ “ಅವ್ವ, ಯಾರೋ ಬಂದವ್ರೆ” ಎಂದು ಕೂಗಿ ರಾಗಿ ಮೂಟೆಯ ಹಿಂದೆ ಸೇರುತ್ತಿದ್ದ. ಅವನು ಹತ್ತಿರ ಬರುವಷ್ಟರಲ್ಲಿ ರಜೆ ಮುಗಿಯುತ್ತಿತ್ತು. ಅದು ಇವರ ಮನಸ್ಸಿನಿಂದ ಹೋಗಲೇ ಇಲ್ಲ. ಪಿಂಚಣಿ ಬಂದ ಮೇಲೆ, ಜನರೆಲ್ಲ ವಯನಾಡಿಗೆ ಬಂದು ಕಾಡು ಕಡಿಯುತ್ತಿದ್ದ ಕಾಲದಲ್ಲಿ, ನಾವೂ ಗಾಡಿ ಕಟ್ಟಿಕೊಂಡು ಮುತ್ತಂಗದ ಕಾಡು ದಾಟಿ ಬಂದೆವು. ತಿರುವಾಂಕೂರಿನವರು ಮರಗೆಣಸಿನ ಕಡ್ಡಿ ತಂದಿದ್ದರು, ನಾವು ರಾಗಿ ತಂದಿದ್ದೆವು. ಚಳಿಜ್ವರ ಎಲ್ಲರಿಗೂ ಬಂತು. ಇನ್ನು ಎಲ್ಲರೂ ಒಂದೇ ಸೂರಿನಡಿ ಇರಬೇಕು, ಅಷ್ಟೇ ಇವರ ಆಸೆ.

ಮೊಮ್ಮಗಳು ಗೌರಿ ಹುಟ್ಟಿದ ಮೇಲೆ ಇವರು ಅವಳನ್ನು ಕೆಳಗೆ ಬಿಡುತ್ತಿರಲಿಲ್ಲ. ಅವಳ ಬಾಯಿಗೆ ಬೆರಳು ಹಾಕಿ ಕಚ್ಚಿಸಿಕೊಂಡು ನಗುತ್ತಿದ್ದರು.

“ಮಾದೇವನ ಹಲ್ಲು ಹುಟ್ಟಿದ್ದ ಕಾಗ್ದದಲ್ಲಿ ಓದ್ದೆ ಕನಮ್ಮಿ. ಇವಳದ್ದ ಬೆರಳಲ್ಲೇ ನೋಡ್ತಿವ್ನಿ.”

ಬತ್ತೇರಿ ಪೇಟೆಯ ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟು ನೋಡಿ, ಟಿಬಿ ಇರಬಹುದು, ಮೈಸೂರಿಗೆ ಹೋಗಿ ಎಕ್ಸ್‌ರೇ ತೆಗೆಸಿ ಅಂದರು. ಇರಬಹುದು ಅಂದದ್ದು ನನ್ನ ಕಿವಿಗೆ ಬೀಳಲಿಲ್ಲ. ಟಿಬಿ ಅಂದದ್ದು ಬಿತ್ತು. ನನ್ನ ಅಣ್ಣ ಕ್ಷಯದಲ್ಲಿ ಸತ್ತಿದ್ದ. ಅವನ ಎರಡು ಮಕ್ಕಳು ಅವನ ಹಿಂದೆಯೇ ಹೋಗಿದ್ದವು. ಗೌರಿಗೆ ಆಗ ಮೂರು ವರ್ಷ.

ಭತ್ತಕ್ಕೆ ಆನೆ ಬೀಳದಂತೆ ಕಾಯಲು ಗದ್ದೆಯ ಅಂಚಿನಲ್ಲಿ ಕಟ್ಟಿದ್ದ ಗುಡಿಸಲಿಗೆ ಇವರ ಹಾಸಿಗೆ, ತಟ್ಟೆ, ಲೋಟ ಇಳಿಸಿದೆ. ಸೊಸೆ ಅತ್ತಳು. ಮಾದೇವ ತಲೆ ತಗ್ಗಿಸಿದ. ಇವರು ಮಾತ್ರ ನನಗೊಂದು ಸೆಲ್ಯೂಟ್ ಹೊಡೆದು, “ಆರ್ಡರ್ ಅಂದ್ರೆ ಆರ್ಡರ್” ಎಂದು ಕೆಳಗೆ ಹೋದರು.

ನಾವು ಚೇಚಿ, ಅಂದರೆ ಅಕ್ಕ, ಅನ್ನುತ್ತಿದ್ದ ಪಕ್ಕದ ಜಾಗದ ತಿರುವಾಂಕೂರಿನ ಮರಿಯಾಗೂ ನಾನೇ ಹೇಳಿದೆ, ನಿಮ್ಮ ಮಕ್ಕಳನ್ನು ಆ ಕಡೆ ಬಿಡಬೇಡಿ ಎಂದು. ಊರಿಗೆಲ್ಲ ಹಬ್ಬಿತು.

ಮೈಸೂರಿಗೆ ಮಾತ್ರ ಹೋಗಲಿಲ್ಲ. ಮೆಣಸು ಕೊಯ್ದ ಮೇಲೆ ಅಂದುಕೊಂಡೆವು, ನಾಟಿ ಆದ ಮೇಲೆ ಅಂದುಕೊಂಡೆವು. ಕಾಯಿಲೆ ಯಾವುದು ಅಂತ ಗೊತ್ತಾಗಿದೆಯಲ್ಲ, ಇನ್ನು ಫೋಟೋ ತೆಗೆಸಿ ಏನಾಗಬೇಕು ಅಂದವಳು ನಾನೇ. ಬತ್ತೇರಿಯಲ್ಲೇ ಟಿಬಿಯ ಸೂಜಿ ಚುಚ್ಚಿಸಿದೆವು. ಇವರು ಇನ್ನೂ ಸೊರಗಿದರು.

ಒಂದು ದಿನ ಗೌರಿ ಬೇಯಿಸಿದ ಗೆಣಸು ಹಿಡಿದುಕೊಂಡು ಗುಡಿಸಲಿಗೆ ಇಳಿದಿದ್ದಳು. ಎಳೆದುಕೊಂಡು ಬಂದು ಪೊರಕೆಯಲ್ಲಿ ಹೊಡೆದೆ. ಇವರು ಕೆಳಗಿನಿಂದ ನೋಡುತ್ತಿದ್ದರು.

“ಹೊಡೀಬ್ಯಾಡ ಕನಮ್ಮಿ. ನಾನೇ ಆಚೆ ಕೂತ್ಕತೀನಿ.”

ಆವತ್ತಿನಿಂದ ಗುಡಿಸಲಿನ ಆ ಮಗ್ಗುಲಿಗೆ ಕೂತರು. ಅಲ್ಲಿಂದ ಮನೆ ಕಾಣುವುದಿಲ್ಲ.

ನಾಟಿ ಮುಗಿದ ಮೇಲೆ ತುಟಿ ನೀಲಿಗಟ್ಟಿತು. ಆಗ ಮೈಸೂರಿನ ಬಸ್ಸು ಹತ್ತಿಸಿದೆವು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು, ಕಫ ಮೂರು ಸಲ ಪರೀಕ್ಷೆ ಮಾಡಿದರು. ಆಮೇಲೆ ಡಾಕ್ಟರು ಕೇಳಿದ್ದು ಕಾಯಿಲೆಯ ವಿಷಯವಲ್ಲ. ಏನು ಕೆಲಸ ಮಾಡುತ್ತಿದ್ದಿರಿ ಎಂದು. ಇವರು ಹೇಳಿದರು. ಬಾಯ್ಲರಿಗೂ ಕೊಳವೆಗೂ ಬಿಳಿ ಕಲ್ನಾರು ಸುತ್ತುತ್ತಿದ್ದುದು, ಅದು ಹಿಟ್ಟಿನ ಹಾಗೆ ಉದುರುತ್ತಿದ್ದುದು, ಅದರಲ್ಲೇ ಮಲಗುತ್ತಿದ್ದುದು, ಎಲ್ಲ.

“ಆ ಧೂಳು ಶ್ವಾಸಕೋಶದಲ್ಲಿ ಕೂತಿದೆ. ತೆಗೆಯೋಕೆ ಬರಲ್ಲಮ್ಮ. ಇದು ಟಿಬಿ ಅಲ್ಲ.”

“ಮಕ್ಕಳಿಗೆ?”

“ಯಾರಿಗೂ ಅಂಟಲ್ಲ.”

ಗುಡಿಸಲಿಗೆ ಕಳಿಸಿ ಎಂಟು ತಿಂಗಳಾಗಿತ್ತು.

ಬಸ್ಸಿನಲ್ಲಿ ಇವರು ಕಿಟಕಿಗೆ ತಲೆ ಆನಿಸಿ, ಗೌರಿಗೆ ಬಳೆ ತಗೋಬೇಕಿತ್ತು ಅಂದರು. ಮೆಟ್ಟಿಲು ಹತ್ತಲು ಆಗದೆ ಮಾದೇವ ಬೆನ್ನ ಮೇಲೆ ಹೊತ್ತು ತಂದು ಜಗಲಿಯಲ್ಲಿ ಕೂರಿಸಿದ. ಇವರು ಎರಡೂ ಕೈ ಚಾಚಿದರು. ಗೌರಿ ಅಮ್ಮನ ಸೀರೆ ಹಿಡಿದುಕೊಂಡು ಹಿಂದೆ ಸರಿದಳು.

“ತಾತ, ಅಲ್ಲೇ ಇರು. ಅಜ್ಜಿ ಹೊಡೀತದೆ.”

ಹೋಗು, ನಾನು ಹೊಡೆಯಲ್ಲ ಅಂದೆ. ನಂಬಲಿಲ್ಲ. ರೆಟ್ಟೆ ಹಿಡಿದು ಎಳೆದೆ. ಕಿರುಚಿಕೊಂಡಳು.

“ಬಿಡು ಅವಳ” ಅಂದರು ಇವರು. “ಮಾದೇವನೂ ಹಿಂಗೇ ಓಡ್ತಿದ್ದ. ಆಗ ಹಡಗು ಅಡ್ಡ ಇತ್ತು. ಈಗ ನೀನು.”

ಐವತ್ತು ವರ್ಷದಲ್ಲಿ ನನಗೆ ಅಂದ ಒಂದೇ ಒರಟು ಮಾತು. ಅದನ್ನೂ ನಗುತ್ತಲೇ ಅಂದರು. ಗೌರಿಯ ರೆಟ್ಟೆ ಬಿಟ್ಟೆ.

ಮಾತಿನಿಂದ ಆಗುವುದಿಲ್ಲ ಎಂದು ಗೊತ್ತಾಯಿತು. ಮಾರನೆಯ ದಿನದಿಂದ ಗೌರಿಯ ಕಣ್ಣೆದುರಿಗೇ ಇವರ ತಟ್ಟೆಯಲ್ಲಿ ಉಂಡೆ. ಇವರು ಮುರಿದ ಮುದ್ದೆಯನ್ನೇ ತೆಗೆದು ತಿಂದೆ. ಮೊದಲ ದಿನ ಬಾಗಿಲಲ್ಲಿ ನಿಂತು ನೋಡಿದಳು. ಎರಡನೆಯ ದಿನ ಕಂಬದ ಹತ್ತಿರ. ನಾಲ್ಕನೆಯ ದಿನ ನನ್ನ ಮುಖ ನೋಡಿದಳು, ನನ್ನ ಕೈ ನೋಡಿದಳು, ಆಮೇಲೆ ಬಂದು ತಾತನ ತೊಡೆ ಒತ್ತಿ ಕೂತು, “ನಂಗೂ” ಅಂದಳು.

ಇವರು ಉಣಿಸಿದರು. ಎತ್ತಿಕೊಳ್ಳಲು ಶಕ್ತಿ ಇರಲಿಲ್ಲ. ಉಣಿಸುವುದಕ್ಕೇ ಏದುಸಿರು ಬರುತ್ತಿತ್ತು.

ಹದಿನೈದು ದಿನ ಹೀಗೆ ನಡೆಯಿತು. ಒಂದು ಮಧ್ಯಾಹ್ನ ಗೌರಿ ಇವರ ಎದೆಗೆ ಒರಗಿ ನಿದ್ದೆ ಹೋದಳು. ಇವರಿಗೆ ಉಸಿರು ಎಳೆಯಲು ಆಗುತ್ತಿರಲಿಲ್ಲ, ಕತ್ತಿನ ನರ ಉಬ್ಬಿತ್ತು. ಮಗುವನ್ನು ತೆಗೆಯಲು ಕೈ ಹಾಕಿದೆ. ತಲೆ ಅಲ್ಲಾಡಿಸಿದರು. ಕೈ ಹಿಂದಕ್ಕೆ ತೆಗೆದುಕೊಂಡೆ. ಈ ಕಾಯಿಲೆಯಲ್ಲಿ ನಾನು ಸರಿಯಾಗಿ ಮಾಡಿದ್ದು ಅದೊಂದೇ ಅನಿಸುತ್ತದೆ.

ಅದಾದ ಮೂರನೆಯ ದಿನ ಬೆಳಗ್ಗೆ, ಗಂಜಿ ಆರುವ ಮೊದಲೇ ಹೋದರು.

ಜನ ಬಂದರು. ಅಂಗಳದ ಆಚೆ, ಕಾಫಿ ಗಿಡದ ಸಾಲಿನಲ್ಲೇ ನಿಂತರು. ಮೂಗಿಗೆ ಬಟ್ಟೆ. ಅವರನ್ನು ಬೈಯಲು ನನಗೆ ಯಾವ ಹಕ್ಕೂ ಇರಲಿಲ್ಲ, ಆ ಭಯ ಹಂಚಿದವಳು ನಾನೇ. ಚಟ್ಟಕ್ಕೆ ಮಾದೇವನ ಹೆಗಲು ಒಂದೇ. ಈಗ ಟಿಬಿ ಅಲ್ಲ ಅಂದರೆ ನನ್ನ ಮಾತು ಯಾರು ನಂಬುತ್ತಾರೆ?

ಗೌರಿ ಹೋಗಿ ತಾತನ ತಲೆಯ ಹತ್ತಿರ ಕೂತಳು. ದೂರ ನಿಂತಿದ್ದ ಮರಿಯಾ ಚೇಚಿಯನ್ನು ನೋಡಿ, ಸಾಮಾನ್ಯ ಸುದ್ದಿ ಹೇಳುವ ಹಾಗೆ ಹೇಳಿದಳು.

“ಅಂಟಲ್ಲ. ನಾನು ತಾತನ ತಟ್ಟೇಲೆ ಉಣ್ತಿದ್ದೆ.”

ಚೇಚಿ ಮೂಗಿನ ಬಟ್ಟೆ ತೆಗೆದಳು. ತನ್ನ ಗಂಡನ ಕಡೆ ತಿರುಗಿ, “ಎಂದಾ ನೋಕ್ಕಿ ನಿಲ್ಕುನ್ನೇ? ಚೆಲ್ಲ್,” ಅಂದಳು. ಏನು ನೋಡುತ್ತಾ ನಿಂತಿದ್ದೀರಿ, ಹೋಗಿ ಎಂದು. ಅವನು ಅಂಗಳ ದಾಟಿ ಬಂದ. ಅವನ ಹಿಂದೆ ಇನ್ನಿಬ್ಬರು ಬಂದರು.

ನಾಲ್ಕು ಹೆಗಲಾಯಿತು. ಅಷ್ಟು ಸಾಕಾಗಿತ್ತು.