ಅಮ್ಮ ತಿಂದ ಮಾವಿನ ಹೋಳು

ಚಿಕ್ಕಂದಿನಲ್ಲಿ ನನಗೆ ಗೂರಲು. ಸುಗ್ಗಿಯಲ್ಲಿ ಕಣದ ದೂಳು ಮೂಗಿಗೆ ಹೋದರೆ ಸಾಕು, ಎದೆ ಸುಂಯ್‌ಗುಟ್ಟುತ್ತಿತ್ತು. ಆಡುಸೋಗೆ ಕಷಾಯ ಕುಡಿಸಿ ಕುಡಿಸಿ ಸಾಕಾದ ಅಮ್ಮ ಕೊನೆಗೆ ದೇವರ ಮುಂದೆ ಮಾವಿನ ಹಣ್ಣು ಬಿಟ್ಟಳು. ನನಗೆ ಗೂರಲು ಬರದೆ ಸಾಲಾಗಿ ಮೂರು ಸುಗ್ಗಿ ಕಳೆಯುವವರೆಗೆ ಹಣ್ಣು ಮುಟ್ಟುವುದಿಲ್ಲ ಎಂಬುದು ಹರಕೆ. ಗೌನಿಪಲ್ಲಿಯಲ್ಲಿ, ತೋಪಿನ ಮಗ್ಗುಲಲ್ಲೇ ಮನೆ ಇಟ್ಟುಕೊಂಡು ಮಾವು ಬಿಡುವುದೆಂದರೆ ತಮಾಷೆಯಲ್ಲ. ನಾನಂತೂ ಅವಳ ಎದುರಿಗೇ ಕುಳಿತು ಮೊಣಕೈವರೆಗೂ ರಸ ಸುರಿಸಿಕೊಂಡು ತಿನ್ನುತ್ತಿದ್ದೆ.

ಯುದ್ಧದ ಕಾಲಕ್ಕೆ ಕೋಲಾರದಲ್ಲಿ ಓದು ಮುಗಿಸಿದ್ದ ನನಗೆ ವಿಮಾನ ಹಾರಿಸುವ ಹುಚ್ಚು ಹಿಡಿಯಿತು. ಬೆಂಗಳೂರಿನಲ್ಲಿ ಮಿಲಿಟರಿ ಡಾಕ್ಟರು ಚಿಕ್ಕಂದಿನ ಕಾಯಿಲೆ ವಿಚಾರಿಸಿದಾಗ ಗೂರಲಿನ ಮಾತು ಬಾಯಿಗೆ ಬಂದುಬಿಟ್ಟಿತು. ಹಾಗಾದರೆ ಆಗ ಔಷಧ ಕೊಟ್ಟ ಡಾಕ್ಟರಿಂದ ಪೂರ್ತಿ ವಾಸಿಯಾಗಿದೆಯೆಂದು ಬರೆಸಿಕೊಂಡು ಬಾ ಎಂದರು.

ಚಿಕ್ಕಂದಿನಲ್ಲಿ ನನಗೆ ಔಷಧ ಕೊಟ್ಟಿದ್ದವರು ಶ್ರೀನಿವಾಸಪುರದ ಮುದುಕ ಡಾಕ್ಟರು. ಜಟಕಾದಲ್ಲಿ ಮನೆಗೇ ಬಂದು, ಎದೆಗೆ ಕೊಳವೆ ಇಟ್ಟು ಕೇಳಿ, ಬೆನ್ನು ತಟ್ಟಿ ನೋಡಿದರು. ಆಮೇಲೆ ಪೆನ್ನು ಕೈಗೆ ತೆಗೆದುಕೊಂಡು ಅಮ್ಮನ ಕಡೆ ತಿರುಗಿದರು. ಅವರಿಗೆ ಹರಕೆಯ ವಿಷಯ ಗೊತ್ತಿತ್ತು.

"ಎದೆ ಇವತ್ತು ಚೆನ್ನಾಗಿದೆ. ಹಿಂದಿನದು ಕೊಳವೆಗೆ ಕೇಳ್ಸಲ್ಲ. ನೀವು ಹಣ್ಣು ತಿಂತಿದೀರೇನಮ್ಮ?"

ಅವಳು ತಿನ್ನುತ್ತಿರಲಿಲ್ಲ. ಎರಡು ಸುಗ್ಗಿ ಸುಖವಾಗಿ ಕಳೆದಿದ್ದವು. ಮೂರನೆಯದರಲ್ಲಿ, ಆ ವರ್ಷವೇ, ಕಣದ ಮೂಲೆಯಲ್ಲಿ ನಾನು ಗೋಡೆ ಹಿಡಿದು ಉಸಿರಿಗೆ ಒದ್ದಾಡಿದ್ದೆ. ನೋಡಿದ್ದವಳು ಅಮ್ಮ ಒಬ್ಬಳೇ.

ಅವಳು ನನ್ನತ್ತ ತಿರುಗಿದಳು. ನಾನು ಮುಖ ತಪ್ಪಿಸಿದೆ. ಅಮ್ಮ ಒಳಗೆ ಹೋಗಿ, ಡಾಕ್ಟರಿಗೆಂದು ಹೆಚ್ಚಿದ್ದ ರಸಪುರಿಯ ತಟ್ಟೆ ತಂದಿಟ್ಟು, ಅದರಿಂದಲೇ ಒಂದು ಹೋಳು ಬಾಯಿಗೆ ಹಾಕಿಕೊಂಡಳು.

"ಹೂಂ ಸ್ವಾಮಿ, ತಿಂತೀನಿ. ಹುಡುಗ ಚೆನ್ನಾಗವ್ನೆ."

ಡಾಕ್ಟರು ಅಲ್ಲೇ ಬರೆದುಕೊಟ್ಟರು.

ನಾನು ಹಾರಿದೆ. ಗೂರಲು ಮತ್ತೆ ಬರಲಿಲ್ಲ. ಯುದ್ಧ ಮುಗಿದ ಮೇಲೆ ಮೈಮೇಲೆ ಒಂದು ಗೀರೂ ಇಲ್ಲದೆ ಮನೆಗೆ ಬಂದಾಗ ತೋಪಿನಲ್ಲಿ ಹಣ್ಣಿನ ಕಾಲ. ಒಳ್ಳೆಯದನ್ನು ಆರಿಸಿ, ನಾನೇ ಹೆಚ್ಚಿ ಅವಳ ಮುಂದಿಟ್ಟೆ. ತಟ್ಟೆಯನ್ನು ನನ್ನ ಕಡೆಗೇ ಸರಿಸಿದಳು.

"ಯಾಕಮ್ಮ? ಹರಕೆ ತೀರ್ತಲ್ಲ."

"ಅದು ಅವತ್ತೇ ಕೆಟ್ಟೋಯ್ತಲ್ಲ ನಾಯನಾ. ನಾನು ತಿಂದಿದ್ರ ದೋಷ ಮೇಲೆ ಹಾರ್ತಿರೋ ನಿನಗೆ ತಟ್ಟದೆ ಇರ್ಲಿ ಅಂತ, ಇನ್ನು ಈ ಜನ್ಮಕ್ಕೆ ಮುಟ್ಟಲ್ಲ ಅಂದ್ಬಿಟ್ಟೆ."

ಮನೆಯಲ್ಲಿ ಉಪ್ಪು ಮುಗಿದಿದೆ ಎನ್ನುವ ಧಾಟಿಯಲ್ಲಿ ಹೇಳಿ ಒಲೆಯ ಕಡೆ ಹೋದಳು. ಸಾಯುವವರೆಗೂ ಮುಟ್ಟಲಿಲ್ಲ. ಅವಳಿಂದ ಅದನ್ನು ಕಿತ್ತುಕೊಂಡವನು ನಾನೇ ಎಂಬ ನಾಚಿಕೆ ಇಂದಿಗೂ ಹೋಗಿಲ್ಲ. ಆ ಹೋಳು ನುಂಗುವಾಗ ಅವಳ ಮುಖ ಹೇಗಿತ್ತೆಂದು ನೆನಪಿಸಿಕೊಳ್ಳಲು ಎಷ್ಟೋ ಸಲ ನೋಡಿದ್ದೇನೆ, ಆಗುವುದಿಲ್ಲ. ನಾನು ಡಾಕ್ಟರ ಪೆನ್ನನ್ನು ನೋಡುತ್ತಿದ್ದೆ.