ಸರ್ವರಿನ ಸರದಿಯ ಮೇಲೆ ಅನುಮಾನದಕ್ಕನ ಕಣ್ಣು

ಬೆಳಕು ಹರಿಯುವ ಹೊತ್ತು. ಔಷಧಿ ಅಂಗಡಿಯ ಕೌಂಟರಿನ ಒಳಗೆ, ರಟ್ಟಿನ ಪೆಟ್ಟಿಗೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡ ಮಹಿಳೆಯೊಬ್ಬರು ಅಂಗಡಿಯವರ ಕೈಯನ್ನೇ ದಿಟ್ಟಿಸುತ್ತಿದ್ದಾರೆ.

"ಏನಕ್ಕಾ, ಕಳ್ಳನ್ನ ಕಾಯೋ ಹಾಗೆ ಕಾಯ್ತಿದೀರಲ್ಲ?"

"ಯಾರು ಅಂತ ಗೊತ್ತಾಗೋವರೆಗೂ ಎಲ್ಲರ ಮೇಲೂ ಕಣ್ಣಿರುತ್ತೆ ಅಣ್ಣ. ನೀವು ಟೈಪ್ ಮಾಡಿ."

ಯಾವ ಔಷಧಿ ಯಾವ ಅಂಗಡಿಯಲ್ಲಿದೆ ಎಂದು ಹುಡುಕಿಕೊಡುವ ಕಂಪನಿಯಲ್ಲಿ ದೋಷ ಪತ್ತೆ ಮಾಡುವುದು ಈಕೆಯ ಕೆಲಸ. ಜೊತೆಯವರಿಗೆ 'ಅನುಮಾನದಕ್ಕ'. "ಹಾಲು ಉಕ್ಕಿದ್ರೂ ಒಲೆ ಹಚ್ಚಿದ್ಯಾರು ಅಂತ ವಿಚಾರಣೆ ಶುರು ಮಾಡ್ತಾಳೆ," ಎಂದು ಗಂಡನ ಚೇಷ್ಟೆ. ಆರುನೂರು ಅಂಗಡಿಗಳ ಹುಡುಕಾಟ ಒಂದೇ ಸರ್ವರಿನ ಮುಂದೆ ಸಾಲುಗಟ್ಟುತ್ತದೆ. ಕೆಲವು ವಾರಗಳಿಂದ ಆ ಸಾಲು ಉಕ್ಕಿ, 'ಸರದಿ ಭರ್ತಿ, ಕೋರಿಕೆ ತಿರಸ್ಕೃತ' ಎಂಬ ಉತ್ತರ ಬರುತ್ತಿದೆ. ಚೀಟಿ ಹಿಡಿದು ಬಂದವರು ಬರಿಗೈಯಲ್ಲಿ ಮರಳುತ್ತಿದ್ದಾರೆ.

ಮ್ಯಾನೇಜರ್ ಮೊದಲು ಸರದಿಯನ್ನೇ ದೊಡ್ಡದು ಮಾಡಿಸಿದರು. "ಕ್ಯೂ ಕರಗ್ತಿಲ್ಲ ಅಂತ ವರಾಂಡ ಅಗಲ ಮಾಡಿದ್ರೆ ಏನು ಬಂತು? ನಿಲ್ಲೋರು ಜಾಸ್ತಿಯಾದ್ರು, ಅಷ್ಟೆ," ಎನ್ನುತ್ತಾರೆ ಈಕೆ. ಕೆದಕಿ ನೋಡಿದರೆ ಭಾರೀ ಹುಡುಕಾಟವೆಲ್ಲ ಹೊರಡುತ್ತಿದ್ದುದು ಈ ಒಂದೇ ಅಂಗಡಿಯಿಂದ. ಔಷಧಿಗಳ ಪಟ್ಟಿಯನ್ನೇ ಯಾರೋ ಇಲ್ಲಿಂದ ಎಗರಿಸುತ್ತಿದ್ದಾರೆಂದು ಮ್ಯಾನೇಜರಿಗೆ ಗುಮಾನಿ. ಇಂದು ಸಂಜೆಗೆ ಅಂಗಡಿಯ ಸಂಪರ್ಕ ಕತ್ತರಿಸುವುದೆಂದು ತೀರ್ಮಾನ. ಗಿರಾಕಿಗಳು ಬರುವುದೇ ಈ ಹುಡುಕಾಟ ನಂಬಿ; ಅದು ಹೋದರೆ ಅಂಗಡಿಗೆ ಬೀಗವೇ. ಅನುಮಾನದಕ್ಕನಿಗೂ ಅಂಗಡಿಯವರ ಮೇಲೆ ಸಂಶಯವಿದೆ. ಆದರೆ ಕಳ್ಳ ಇಷ್ಟು ಸಲೀಸಾಗಿ ಸಿಕ್ಕಿಬಿದ್ದನೆಂಬುದರ ಮೇಲೆ ಅದಕ್ಕಿಂತ ಹೆಚ್ಚು.

ಅಂಗಡಿಯವರು ಚೀಟಿ ನೋಡಿ ಒಂದಕ್ಷರ ಒತ್ತುತ್ತಾರೆ. ಕನ್ನಡಕ ಏರಿಸಿ, ಮತ್ತೆ ಚೀಟಿ ನೋಡಿ ಇನ್ನೊಂದು. ಆಕೆ ತಟ್ಟನೆ ಲ್ಯಾಪ್‌ಟಾಪಿನತ್ತ ಬಾಗುತ್ತಾರೆ. ಬೇರೆಯವರು ಪಟಪಟನೆ ಪೂರ್ತಿ ಹೆಸರು ಒತ್ತಿದರೆ ಒಂದೇ ಕೋರಿಕೆ ಹೋಗುತ್ತದೆ. ಇವರು ನಡುವೆ ನಿಲ್ಲಿಸಿದಾಗಲೆಲ್ಲ, ಟೈಪ್ ಮುಗಿಯಿತೆಂದುಕೊಂಡ ಪ್ರೋಗ್ರಾಂ ಒಂಟಿ ಅಕ್ಷರವನ್ನೇ ಅಟ್ಟಿಬಿಡುತ್ತದೆ. ಆ ಅಕ್ಷರದಿಂದ ಶುರುವಾಗುವ ಸಾವಿರಾರು ಔಷಧಿಗಳ ಹೆಸರನ್ನು ಸರ್ವರ್ ಹೊತ್ತು ತರುವಷ್ಟರಲ್ಲಿ ಹಿಂದಿನ ಸಾಲು ತುಂಬಿ ತುಳುಕುತ್ತದೆ.

"ಅದ್ಯಾಕಣ್ಣ ಇಷ್ಟು ನಿಧಾನ?"

"ಒಂದಕ್ಷರ ತಪ್ಪಿದ್ರೆ ಬೇರೆ ಮಾತ್ರೆ ಹೋಗ್ಬಿಡುತ್ತಲ್ಲಕ್ಕ!"

ಆಕೆ ಅಲ್ಲೇ ಕೂತು ನಿಯಮ ತಿದ್ದುತ್ತಾರೆ: ನಾಲ್ಕಕ್ಷರ ಸೇರುವ ಮುನ್ನ ಕೋರಿಕೆ ಹೊರಡಕೂಡದು. ಬೆಳಗಿನ ನೂಕುನುಗ್ಗಲು ಕಳೆದರೂ ದೋಷ ಒಂದೂ ಇಲ್ಲ. ಅದನ್ನೂ ನಂಬದೆ ಮಧ್ಯಾಹ್ನದವರೆಗೆ ಕಾದು, ಆಮೇಲಷ್ಟೇ ಮ್ಯಾನೇಜರಿಗೆ ಫೋನ್: "ಸಂಪರ್ಕ ಕತ್ತರಿಸ್ಬೇಡಿ ಸಾರ್. ತಪ್ಪು ನಮ್ಮದೇ. ಅಂಗಡಿಯವರು ನಿಧಾನ ಒತ್ತಿದ್ರೆ ಅರ್ಧ ಹೆಸರನ್ನೇ ಕಳಿಸ್ತಿತ್ತು ನಮ್ಮ ಪ್ರೋಗ್ರಾಂ."

ಅಂಗಡಿಯವರು ಉಸಿರು ಬಿಡುತ್ತಾರೆ. "ಹಾಗಾದ್ರೆ ನಾನು ಬೇಗ ಬೇಗ ಒತ್ತೋದು ಕಲೀಲಾ?"

"ಬೇಡಣ್ಣ, ನೀವು ಹೀಗೇ ಇರಿ. ಕಾಯೋದು ಕಲೀಬೇಕಾಗಿದ್ದದ್ದು ನಮ್ಮ ಪ್ರೋಗ್ರಾಂ. ಕಲಿಸಿದೀನಿ."