ಸುಖಪ್ರಸವದ ಸೊಸೆ

ನನ್ನ ಮೊದಲ ಮಗು ಹುಟ್ಟಿದ್ದು ಹೊಟ್ಟೆ ಕೊಯ್ದು. ಇಷ್ಟು ಸಣ್ಣ ಮಾತನ್ನು ಯಶವಂತಪುರದ ನಮ್ಮ ಮನೆಯಲ್ಲಿ ನಾಲ್ಕು ವರ್ಷ ನಾನು ಬಾಯಿಬಿಟ್ಟು ಹೇಳಲಿಲ್ಲ. ಈಗ ಬರೆಯುವಾಗಲೂ ಬೆನ್ನ ಹಿಂದೆ ಯಾರಾದರೂ ನಿಂತು ಓದುತ್ತಿದ್ದಾರೇನೋ ಎಂದು ಒಮ್ಮೆ ತಿರುಗಿ ನೋಡಿದೆ. ಅತ್ತೆ ಹೋಗಿ ಎಷ್ಟೋ ಕಾಲವಾಯಿತು, ಆದರೂ.

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬ ಪದ್ಧತಿ ಇಲ್ಲದಿದ್ದರೆ ಈ ಸುಳ್ಳು ಹುಟ್ಟುತ್ತಲೇ ಇರಲಿಲ್ಲ. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಏಳನೇ ತಿಂಗಳಲ್ಲಿ ದಾವಣಗೆರೆಗೆ ಹೋದೆ. ಮಗು ಹೊಟ್ಟೆಯಲ್ಲಿ ಅಡ್ಡ ಮಲಗಿತ್ತು, ಎಷ್ಟು ಕಾದರೂ ತಿರುಗಲಿಲ್ಲ. ಆಪರೇಷನ್ ಮಾಡಿ ತೆಗೆದರು. ಹೊಕ್ಕುಳ ಕೆಳಗೆ ಉದ್ದಕ್ಕೆ ಹೊಲಿಗೆ ಬಿತ್ತು. ನನಗೆ ಪೂರ್ತಿ ಎಚ್ಚರವಾಗುವ ಮೊದಲೇ ಅಮ್ಮ ಬೀಗರಿಗೆ ಕಾರ್ಡು ಹಾಕಿಯಾಗಿತ್ತು: ಗಂಡು ಮಗು, ಸುಖಪ್ರಸವ, ತಾಯಿ ಮಗು ಕ್ಷೇಮ. ಆಗ ಎಲ್ಲರೂ ಕಾರ್ಡಿನಲ್ಲಿ ಹೀಗೇ ಬರೆಯುತ್ತಿದ್ದರು. ಅಮ್ಮನೂ ರೂಢಿಯಂತೆ ಬರೆದಳೆಂದುಕೊಂಡೆ. ಕೇಳಿದರೆ, "ನಿಮ್ಮತ್ತೆ ಬಾಯಿ ನನಗ್ ಗೊತ್ತಿಲ್ಲೇನು? ಹಿರೇ ಸೊಸೀಗೆ ಏನೇನಂತಾರೆ ಅಂತ ಕೇಳೀನಿ. ನಿನಗೂ ಬೇಕೇನು ಅದು?" ಎಂದಳು.

ಹಿರಿಯ ಸೊಸೆ ಎಂದರೆ ನನ್ನ ಓರಗಿತ್ತಿ, ಭಾವನ ಹೆಂಡತಿ. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ಅವಳ ಒಬ್ಬನೇ ಮಗ ಆಪರೇಷನ್ನಿನಿಂದ ಹುಟ್ಟಿದವನು. ನಮ್ಮತ್ತೆ ಆರು ಹೆತ್ತವರು, ಆರನ್ನೂ ಮನೆಯಲ್ಲೇ ಹೆತ್ತವರು. ಅದನ್ನು ಹೇಳುವಾಗ ಅವರು ಕುಳಿತಲ್ಲೇ ಒಂದು ಗೇಣು ಎತ್ತರವಾಗುತ್ತಿದ್ದರು. ಅಕ್ಕ ನೀರಿನ ಕೊಡ ಎತ್ತುವಾಗ ಉಸ್ಸೆಂದರೆ ಸಾಕು, "ಹೆರೋಕೂ ಆಗ್ಲಿಲ್ಲ, ಹೊರೋಕೂ ಆಗಲ್ಲ" ಎಂದು ಶುರುವಾಗುತ್ತಿತ್ತು. ಇನ್ನೊಂದು ಮಗು ಬೇಕೆಂದು ಅವಳಿಗೆ ಜೀವ ಬಿಡುವಷ್ಟು ಆಸೆಯಿತ್ತು. "ಒಂದ್ಸಲ ಕೊಯ್ದ ಹೊಟ್ಟೆ ಪ್ರತಿಸಲವೂ ಕೊಯ್ಲೇಬೇಕು. ಆರೈಕೆ ಯಾರು ಮಾಡ್ತಾರೆ?" ಎಂದು ಅತ್ತೆ ಅಂದಿದ್ದರು. ಭಾವ ಅಮ್ಮನ ಮಾತು ಮೀರುವ ಆಸಾಮಿಯಲ್ಲ. ಅಲ್ಲಿಗೆ ಅದು ಮುಗಿದಿತ್ತು.

ನಾನು ಐದನೇ ತಿಂಗಳಿಗೆ ಮಗುವನ್ನೆತ್ತಿಕೊಂಡು ಈ ಮನೆಗೆ ವಾಪಸು ಬಂದೆ. ನನ್ನ ಗಂಡನಿಗೆ ಎಲ್ಲ ಗೊತ್ತಿತ್ತು. "ಅಮ್ಮಂಗೆ ಹೇಳ್ಬೇಡ, ಸುಮ್ನೆ ತಲೆ ತಿಂತಾಳೆ" ಎಂದು ಅವರು ಪೀಣ್ಯದ ಫ್ಯಾಕ್ಟರಿಗೆ ಹೊರಟುಬಿಟ್ಟರು. ಗಂಡಸರಿಗೆ ಗುಟ್ಟು ಇಟ್ಟುಕೊಳ್ಳುವುದು ಸುಲಭ, ಶಿಫ್ಟಿನ ಹೊತ್ತಿಗೆ ಮನೆ ಬಿಟ್ಟರಾಯಿತು. ನಾನು ಮಾತ್ರ ನೆರಿಗೆಯನ್ನು ಹೊಕ್ಕುಳ ಮೇಲೆ ಸಿಕ್ಕಿಸಿಕೊಂಡೆ. ಗೋಡೆಗೆ ಮುಖಮಾಡಿ ಸೀರೆ ಬದಲಾಯಿಸಿದೆ. ಹಬ್ಬದ ಎಣ್ಣೆಸ್ನಾನಕ್ಕೆ ಅತ್ತೆ ಕರೆದರೆ "ನಾನೇ ಹಚ್ಕೋತೀನಿ ಅತ್ತೆ" ಎಂದು ಬಚ್ಚಲಿನ ಅಗುಳಿ ಹಾಕಿಕೊಂಡೆ. ನಾಚಿಕೆ ಸ್ವಭಾವದ ಹುಡುಗಿ ಎಂದು ಅದಕ್ಕೂ ಹೊಗಳಿದರು.

ಸುಳ್ಳು ಇಷ್ಟಕ್ಕೇ ನಿಂತಿದ್ದರೆ ಅದನ್ನು ಭಯ ಅಂದುಕೊಂಡು ನನ್ನನ್ನು ನಾನೇ ಕ್ಷಮಿಸಿಕೊಳ್ಳುತ್ತಿದ್ದೆ. ಆದರೆ ಮುಂದಿನ ವರ್ಷ ನಾದಿನಿ ಬಸುರಿಯಾದಳು. ಅವಳಿಗೆ ನಮ್ಮ ಮನೆಯಲ್ಲಿ ಮಡಿಲು ತುಂಬುವ ಶಾಸ್ತ್ರ. ಮನೆಯ ಹಿರಿ ಸೊಸೆ ಮೊದಲು ತುಂಬುವುದು ವಾಡಿಕೆ. ಅಕ್ಕ ಬೆಳಗ್ಗೆಯೇ ತಟ್ಟೆಗೆ ಅಕ್ಕಿ, ಕೊಬ್ಬರಿ ಬಟ್ಟಲು, ಬೆಲ್ಲ, ರವಿಕೆ ಕಣ ಜೋಡಿಸಿ, ತಾಳಿಗೆ ಅರಿಸಿನ ಹಚ್ಚಿಕೊಂಡು ನಿಂತಿದ್ದಳು. ನೆಂಟರೆಲ್ಲ ಕೂತಿದ್ದಾರೆ. ಅತ್ತೆ ಅವಳ ಕೈಯಿಂದ ತಟ್ಟೆ ತೆಗೆದುಕೊಂಡರು. "ನೀನು ಬೇಡ ಕಣೆ. ಮೊದಲ ಮಡಿಲಕ್ಕಿ ಸುಖಪ್ರಸವ ಆದೋಳು ಹಾಕ್ಲಿ, ಮಗುಗೆ ಒಳ್ಳೇದು" ಎಂದು ನನ್ನನ್ನು ಕರೆದರು.

ನಾನು ಹೋದೆ. ಹೊಟ್ಟೆನೋವು ಅನ್ನಬಹುದಿತ್ತು, ಮಗು ಅಳುತ್ತಿದೆ ಅನ್ನಬಹುದಿತ್ತು, ಅಕ್ಕನೇ ಹಾಕಲಿ ಬಿಡಿ ಅನ್ನಬಹುದಿತ್ತು. ಒಂದನ್ನೂ ಅನ್ನಲಿಲ್ಲ. ಸೆರಗನ್ನು ಹೊಟ್ಟೆಯ ಮೇಲೆ ಬಿಗಿಯಾಗಿ ಎಳೆದುಕೊಂಡು ನಾದಿನಿಯ ಮಡಿಲಿಗೆ ಅಕ್ಕಿ ಹಾಕಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಗಾದೆ ನನಗಾಗಿಯೇ ಕಟ್ಟಿದ್ದು. ಅಕ್ಕ ಅಡಿಗೆಮನೆಗೆ ಹೋಗಿ ಪಾಯಸಕ್ಕೆ ದ್ರಾಕ್ಷಿ ಹುರಿಯುತ್ತ ನಿಂತಳು. ಇನ್ನೂ ನಾಚಿಕೆಯ ವಿಷಯವೆಂದರೆ, ಅವತ್ತು ನೆಂಟರ ಎದುರಿಗೆ ನನಗೆ ಖುಷಿಯೂ ಆಗಿತ್ತು.

ಎರಡನೆಯದು ನಿಂತಾಗ ಪೇಚಿಗೆ ಸಿಕ್ಕಿಕೊಂಡೆ. ಎರಡನೇ ಹೆರಿಗೆ ಗಂಡನ ಮನೆಯ ಹೊಣೆ. ತವರಿಗೆ ಓಡುವಂತಿಲ್ಲ. ಟಾನಿಕ್ ಬರೆಸಿಕೊಂಡು ಬರುತ್ತೇವೆಂದು ಹೇಳಿ ಗಂಡ ಹೆಂಡತಿ ಇಬ್ಬರೇ ಮತ್ತಿಕೆರೆಯ ಲೇಡಿ ಡಾಕ್ಟರ ಹತ್ತಿರ ಹೋದೆವು. ಅವರು ಹೊಟ್ಟೆ ನೋಡಿದರು, ದಾವಣಗೆರೆಯ ಆಸ್ಪತ್ರೆಯ ಚೀಟಿ ತರಿಸಿ ಎಂದರು. ಅಮ್ಮ ಅದನ್ನು ಹಾಳೆಯಲ್ಲಿ ಸುತ್ತಿ ಯಾರದೋ ಕೈಲಿ ಕಳಿಸಿದಳು. ಡಾಕ್ಟರು ಎರಡು ಸಲ ಓದಿ ಬಿಡಿಸಿ ಹೇಳಿದರು. "ಹೊರಗಡೆ ಉದ್ದಕ್ಕೆ ಕೊಯ್ದಿದ್ರೂ ಒಳಗೆ ಗರ್ಭಕೋಶನ ಕೆಳಭಾಗದಲ್ಲಿ ಅಡ್ಡಕ್ಕೆ ಕೊಯ್ದಿದ್ದಾರೆ, ಅಂಥ ಹೊಲಿಗೆ ಬಿಟ್ಕೊಳ್ಳೋದು ಕಮ್ಮಿ. ಮಗು ಈಗ ಸರಿಯಾಗಿದೆ. ನಾರ್ಮಲ್ ಪ್ರಯತ್ನ ಮಾಡ್ಬಹುದು. ಹಳೇ ಹೊಲಿಗೆ ಬಿಟ್ಕೊಳ್ಳೋ ಅಪಾಯ ಸ್ವಲ್ಪ ಇದ್ದೇ ಇರುತ್ತೆ, ಬಿಟ್ರೆ ತಾಯಿ ಮಗು ಇಬ್ರಿಗೂ ಕಷ್ಟ. ಅದು ಬೇಡ ಅಂದ್ರೆ ದಿನ ನೋಡಿ ಆಪರೇಷನ್ ಮಾಡ್ತೀನಿ. ಅದರಲ್ಲೂ ಅದರದೇ ತೊಂದರೆ ಇದೆ. ಯೋಚನೆ ಮಾಡಿ ಹೇಳಿ."

ಯೋಚನೆ ಎಲ್ಲಿ ಬಂತು? ಕೂತಲ್ಲೇ "ನಾರ್ಮಲ್ಲೇ ಆಗ್ಲಿ ಡಾಕ್ಟ್ರೇ" ಎಂದೆ. ಅವರು ಕನ್ನಡಕದ ಮೇಲಿಂದ ನೋಡಿ "ಯಾಕಮ್ಮ?" ಎಂದರು. "ಬೇಗ ಎದ್ದು ಓಡಾಡ್ಬಹುದಲ್ವಾ" ಎಂದೆ. ಎಷ್ಟೋ ಹೆಂಗಸರಿಗೆ ಅದು ನಿಜವಾದ ಕಾರಣವೇ, ಒಳ್ಳೆಯ ಕಾರಣವೇ. ನನ್ನದು ಅದಲ್ಲ. ಆಪರೇಷನ್ ಆದರೆ ಅತ್ತೆ ಬಂದು ಹೊಟ್ಟೆ ನೋಡುತ್ತಾರೆ, ಹಳೆಯ ಗಾಯದ ಸಂಗತಿ ಬಯಲಾಗುತ್ತದೆ. ಅದೊಂದೇ ನನ್ನ ತಲೆಯಲ್ಲಿದ್ದುದು. ಹೊಟ್ಟೆಯೊಳಗಿನ ಮಗುವಿನ ಬಗ್ಗೆ ಆ ಕುರ್ಚಿಯಲ್ಲಿ ಕೂತು ಒಂದು ನಿಮಿಷವೂ ಯೋಚಿಸಲಿಲ್ಲ. ಡಾಕ್ಟರು ಬೆರಳೆತ್ತಿ ಒಂದು ಮಾತು ಹೇಳಿದರು: "ನೋವು ಶುರುವಾದ ತಕ್ಷಣ ಇಲ್ಲಿರ್ಬೇಕು. ಮನೇಲಿ ಕೂತು ಕಾಯೋ ಹಾಗಿಲ್ಲ."

ಮನೆಗೆ ಬಂದಾಗ ಅಕ್ಕ ಬಾಗಿಲಲ್ಲಿ ಹೂ ಕಟ್ಟುತ್ತಿದ್ದಳು. ಒಮ್ಮೆ ಕೊಯ್ದ ಹೊಟ್ಟೆಯಿಂದಲೂ ಮಾಮೂಲಿನಂತೆ ಹೆರಬಹುದು ಎಂಬ ಸುದ್ದಿ ನನ್ನ ನಾಲಿಗೆಯ ತುದಿಯಲ್ಲಿತ್ತು. ಆ ಮನೆಯಲ್ಲಿ ಅದು ನನಗಿಂತ ಹೆಚ್ಚಾಗಿ ಅವಳಿಗೆ ಬೇಕಾಗಿದ್ದ ಸುದ್ದಿ. ನಿನಗೆ ಹೇಗೆ ಗೊತ್ತು ಎಂದು ಕೇಳಿದರೆ ಏನು ಹೇಳಲಿ? "ಟಾನಿಕ್ ಕೊಟ್ರಾ?" ಎಂದು ಕೇಳಿದಳು. ಕೊಟ್ಟರು ಎಂದೆ.

ದಿನ ತುಂಬಿತು. ಒಂದು ಬೆಳಿಗ್ಗೆ, ನನ್ನವರು ಮೊದಲ ಶಿಫ್ಟಿಗೆ ಹೋದಮೇಲೆ, ನೋವು ಕಾಣಿಸಿತು. ಆಸ್ಪತ್ರೆಗೆ ಹೋಗೋಣ ಎಂದೆ. ಅತ್ತೆ ನಕ್ಕರು. "ಮೊದಲನೇದೇ ಸಲೀಸಾಗಿ ಆಗಿದೆ. ಈಗೇನೇ ಅವಸರ? ಜೀರಿಗೆ ಕಷಾಯ ಕೊಡ್ತೀನಿ. ಸುಳ್ಳುನೋವಾದ್ರೆ ನಿಲ್ಲುತ್ತೆ, ನಿಜವಾದ್ರೆ ಬಲಿಯುತ್ತೆ. ಆಮೇಲೆ ನೋಡೋಣ." ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಾನು ಏನೆಂದು ಹೇಳಿಕೊಂಡು ಬಂದಿದ್ದೆನೋ ಅಂಥ ಸೊಸೆಗೆ ಅದು ಸರಿಯಾದ ಮಾತೇ. ನಾನು ಅಡಿಗೆಮನೆಯ ಕಂಬಕ್ಕೆ ಒರಗಿ ಕಷಾಯ ಕುಡಿದೆ. ಎರಡು ಗಂಟೆ ಹಾಗೇ ಹೋಯಿತು. ಹೊಲಿಗೆ ಇದ್ದ ಜಾಗವನ್ನು ಸೀರೆಯ ಮೇಲಿಂದಲೇ ಒತ್ತಿ ಹಿಡಿದುಕೊಂಡು, ಬಿಡಬೇಡ ಬಿಡಬೇಡ ಎಂದು ಒಳಗೇ ಬೇಡಿಕೊಂಡೆ. ಒಂದು ಮಾತು ಹೇಳಿದ್ದರೆ ಅತ್ತೆಯೇ ಬೀದಿಗೆ ಓಡಿ ಆಟೋ ತರುತ್ತಿದ್ದರು.

ಕೊನೆಗೆ ಅಕ್ಕ ನನ್ನ ಮುಖ ನೋಡಿದಳು. "ಅತ್ತೆ, ಇವಳು ನೋವಿಗೆ ಹೆದರ್ತಾ ಇಲ್ಲ, ಬೇರೆ ಏನಕ್ಕೋ ಹೆದರ್ತಿದಾಳೆ. ನಾನು ಕರ್ಕೊಂಡ್ ಹೋಗ್ತೀನಿ" ಎಂದು ಉಟ್ಟ ಸೀರೆಯಲ್ಲೇ ಹೊರಟುಬಿಟ್ಟಳು. ಅತ್ತೆಯ ಮಾತಿಗೆ ಅವಳು ಎದುರಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಟೋದಲ್ಲಿ ದಾರಿಯುದ್ದಕ್ಕೂ ನನ್ನ ಸೊಂಟ ಹಿಡಿದುಕೊಂಡು ಕೂತಿದ್ದಳು.

ನರ್ಸಿಂಗ್ ಹೋಮಿನಲ್ಲಿ ನರ್ಸಮ್ಮ ಸೀರೆ ಸರಿಸಿದವರೇ ಕೂಗಾಡಿದರು. "ಹೊಟ್ಟೆ ಮೇಲೆ ಇಷ್ಟುದ್ದ ಹೊಲಿಗೆ ಇಟ್ಕೊಂಡು ಈಗ ಬರ್ತಾ ಇದೀರಾ? ತಕ್ಷಣ ಬನ್ನಿ ಅಂತ ಡಾಕ್ಟ್ರು ಹೇಳಿರ್ಲಿಲ್ವಾ? ಏನ್ರೀ, ಜೊತೇಲಿರೋರು ನೀವೇನ್ ಮಾಡ್ತಿದ್ರಿ?"

ಅಕ್ಕ ಆ ಹೊಲಿಗೆಯನ್ನು ನೋಡಿದಳು. ಅವಳದೂ ಹಾಗೇ ಇತ್ತು, ಹೊಕ್ಕುಳ ಕೆಳಗೆ ಉದ್ದಕ್ಕೆ. ನರ್ಸಮ್ಮನಿಗೆ "ತಪ್ಪಾಯ್ತು ಸಿಸ್ಟರ್" ಎಂದಳು. ಯಾರ ತಪ್ಪು ಎಂದು ಹೇಳಲಿಲ್ಲ. ಅವರು ಡಾಕ್ಟರನ್ನು ಕರೆಯಲು ಹೋದಮೇಲೆ ಮಂಚದ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದಳು: "ಕೊಯ್ದ ಮೇಲೂ ನಾರ್ಮಲ್ ಆಗುತ್ತಾ?"

"ಆಗ್ಬಹುದಂತೆ ಅಕ್ಕ. ಎಲ್ಲರಿಗೂ ಅಲ್ಲ, ಕೆಲವರಿಗೆ."

"ಯಾವಾಗ ಹೇಳಿದ್ರು?"

"ಆರನೇ ತಿಂಗಳಲ್ಲಿ."

"ಹಾಗಾದ್ರೆ ನನಗೂ ಆಗ್ತಿತ್ತೇನೋ" ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಜೋರು ನೋವು ಬಂತು, ನನ್ನ ಪುಣ್ಯ, ಉತ್ತರ ಕೊಡುವುದು ತಪ್ಪಿತು.

ನೋವು ಇಳಿದಾಗ ಅವಳು ನನ್ನ ಹಣೆ ಒರೆಸಿದಳು. "ಅತ್ತೆಗೆ ನೀನೇ ಹೇಳು. ನಾನು ಹೇಳಿದ್ರೆ ಹೊಟ್ಟೆಕಿಚ್ಚು ಅಂತಾರೆ. ನೀನು ಹೇಳಿದ್ರೆ ನಂಬ್ತಾರೆ, ನಮ್ಮನೆಯವರೂ ಕೇಳ್ತಾರೆ. ನಂಗಿನ್ನೂ ಮೂವತ್ತೊಂದು ಕಣೆ."

"ಹೇಳ್ತೀನಿ ಅಕ್ಕ, ದೇವರಾಣೆ. ಇವತ್ತೇ ಹೇಳ್ತೀನಿ" ಎಂದು ಅವಳ ಕೈ ಹಿಡಿದುಕೊಂಡು ಕಣ್ಣೀರಿಟ್ಟೆ. ಆ ಹೊತ್ತಿನಲ್ಲಿ ಅದು ಮನಸಾರೆ ಹೇಳಿದ ಮಾತೇ ಆಗಿತ್ತು. ಇದನ್ನು ನನ್ನ ಪರವಾಗಿ ಹೇಳುತ್ತಿಲ್ಲ.

ಹೊಲಿಗೆ ಬಿಡಲಿಲ್ಲ. ಹನ್ನೊಂದರ ಸುಮಾರಿಗೆ ಹೆಣ್ಣು ಮಗು ಹುಟ್ಟಿತು, ತಾನಾಗಿಯೇ, ಜೋರಾಗಿ ಅಳುತ್ತ. ಡಾಕ್ಟರು ನಿಟ್ಟುಸಿರು ಬಿಟ್ಟು "ಅದೃಷ್ಟವಂತೆ ನೀನು. ಇನ್ನೊಂದ್ಸಲ ಹೀಗ್ಮಾಡಿದ್ರೆ ನಾನೇ ಬಾರಿಸ್ತೀನಿ" ಎಂದರು.

ಮಧ್ಯಾಹ್ನ ಅತ್ತೆ ಗಂಜಿಯ ಡಬ್ಬಿ ಹಿಡಿದು ಬಂದರು. ಮಗುವಿನ ಮುಖ ನೋಡಿ ನೆಟಿಗೆ ತೆಗೆದರು. ನನ್ನ ತಲೆ ಸವರಿದರು. ಅತ್ತ ತಿರುಗಿ, ತೊಳೆದ ಬಟ್ಟೆಗಳನ್ನು ಕಿಟಕಿಗೆ ಹರವುತ್ತಿದ್ದ ಅಕ್ಕನಿಗೆ, "ನೋಡ್ದೇನೇ? ಎರಡೂ ಹೂವಿನ ಹಾಗೆ ಹೆತ್ತಳು. ಅದಕ್ಕೂ ಪಡ್ಕೊಂಡ್ ಬಂದಿರ್ಬೇಕು" ಎಂದರು.

ಅಕ್ಕ ಬಟ್ಟೆ ಹರವುವುದನ್ನು ನಿಲ್ಲಿಸಿದಳು. ಅತ್ತೆಯ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದಳು. ಕಾದಳು. ವಾರ್ಡಿನಲ್ಲಿ ಬೇರೆ ಬಾಣಂತಿಯರಿದ್ದರು, ಅವರ ಮನೆಯವರಿದ್ದರು, ಎಲ್ಲರೂ ನನ್ನನ್ನು ಮೆಚ್ಚುಗೆಯಿಂದ ನೋಡುತ್ತಿದ್ದರು. ನಾನು ಮಗುವಿನ ಕಡೆ ಮಗ್ಗುಲಾಗಿ ಕಣ್ಣು ಮುಚ್ಚಿಕೊಂಡೆ.

"ಪಾಪ, ಸುಸ್ತಾಗಿ ನಿದ್ದೆ ಹತ್ತಿದೆ" ಎಂದರು ಅತ್ತೆ.

"ಹೌದತ್ತೆ" ಎಂದಳು ಅಕ್ಕ.

ಅತ್ತೆ ಮನೆಗೆ ಹೊರಟರು. ಅವರ ಚಪ್ಪಲಿಯ ಸದ್ದು ಮೆಟ್ಟಿಲಿಳಿದು ಹೋಗುವವರೆಗೂ ನಾನು ಕಣ್ಣು ತೆರೆಯಲಿಲ್ಲ. ಅಕ್ಕ ಸ್ಟೂಲು ಎಳೆದುಕೊಂಡು ಕೂತು ಡಬ್ಬಿಯ ಮುಚ್ಚಳ ತೆಗೆದಳು.

"ನಿದ್ದೆ ಬಂದಿಲ್ಲ ಅಂತ ಗೊತ್ತು ನಂಗೆ" ಎಂದಳು. "ಗಂಜಿ ಆರ್ತಿದೆ. ಎದ್ದು ಕುಡಿ."

ನಾನು ಎದ್ದು ಕುಡಿದೆ.